ಒಂದು ಮಧ್ಯಾಹ್ನದ ಮಟ್ಟಿಗೆ ಬಂದು ನಿಂತು ಹೋಗಿ, ಮಹಾರಾಣಿ

ಶ್ರೀಮತಿ ಹೈಲ್ಯಾಂಡ್ ಎಂಪ್ರೆಸ್ ಮಹಾರಾಣಿಯವರ ಸನ್ನಿಧಾನಕ್ಕೆ,
ಎಣ್ಣೆಬಾವಿ ಕೊರೆಯುವ ತೇಲುವೇದಿಕೆ (ನಿವೃತ್ತ),
ಈಗಿನ ವಿಳಾಸ: ಯಾರೂ ಬಾಯಿ ಬಿಡುತ್ತಿಲ್ಲ.

ಮಾನ್ಯರೇ,

ಉತ್ತರ ಸಮುದ್ರದ ಹೆಗಲೇರಿ, ಆನೆಗಾತ್ರದ ಕಂಬಗಳನ್ನು ನೀರಿಗಿಳಿಬಿಟ್ಟು, ನೆತ್ತಿಯ ಮೇಲೆ ಕಬ್ಬಿಣದ ಗೋಪುರವನ್ನೇ ಕಿರೀಟವಾಗಿ ಧರಿಸಿ, ಹಗಲೂ ದೀಪ ಆರಿಸದೆ ಮೆರೆದ, ಬಿರುಗಾಳಿಗೆ ಜಗ್ಗದೆ ಎಣ್ಣೆಯ ಬೆಲೆಗೆ ಮಾತ್ರ ಮಂಡಿಯೂರಿದ, ಸಕಲ ಸೀಲುಗಳ ಆಶ್ರಯದಾತೆಯೂ ಸಮಸ್ತ ನೀರುಕಾಗೆಗಳ ಸೂಲಗಿತ್ತಿಯೂ ಆದ ತಮ್ಮ ತುಕ್ಕು ಹಿಡಿದ ಪಾದಾರವಿಂದಗಳಿಗೆ, ಕ್ರಾಮರ್ಟಿ ಕೊಲ್ಲಿಯ ದಂಡೆಯ ಪೋರ್ಟ್ ಅರಾಕ್ ಊರಿನ ಯುಫೀಮಿಯಾ ಹೊಸಾಕ್ ಎಂಬ ವಿಧವೆ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಹೊರಡುವಾಗ ತಾವು ಒಂದು ಮಾತು ಹೇಳಿ ಹೋಗಿದ್ದರೆ ಹೀಗೆ ಊರಿಗೆಲ್ಲ ಕೇಳುವಂತೆ ಕುಶಲ ವಿಚಾರಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ನನ್ನ ಪರಿಚಯ ತಮಗೆ ಬೇಕಿಲ್ಲ. ನಾನು ತಮ್ಮ ಸವತಿ. ನನ್ನ ಗಂಡ ಹೆಕ್ಟರ್ ಹೊಸಾಕ್ ತಮ್ಮ ಮೈಮೇಲಿನ ಕ್ರೇನ್ ನಡೆಸುತ್ತಿದ್ದವನು. ಎರಡು ವಾರ ತಮ್ಮಲ್ಲಿ, ಎರಡು ವಾರ ನನ್ನಲ್ಲಿ. ಉಂಗುರ ತೊಟ್ಟವಳಿಗೆ ಅರ್ಧ, ಕೊರೆಯುವ ಕೊಳವೆ ಹೊತ್ತವಳಿಗೆ ಅರ್ಧ ಎಂಬ ಈ ನ್ಯಾಯವನ್ನು ಯಾವ ಪಂಚಾಯಿತಿ ಹೇಳಿತೋ ಕಾಣೆ, ಆದರೆ ಕ್ರಿಸ್‌ಮಸ್ ಹಬ್ಬವೂ ನಮ್ಮ ಮದುವೆಯ ದಿನವೂ ಒಳ್ಳೆಯ ಹವೆಯೂ ಪ್ರತಿ ವರ್ಷ ತಪ್ಪದೆ ತಮ್ಮ ಪಾಲಿಗೇ ಬೀಳುತ್ತಿದ್ದವು, ಮಸಿ ತುಂಬಿ ಒಲೆಯ ಚಿಮಣಿ ಕಟ್ಟಿಕೊಳ್ಳುವುದು ಮಾತ್ರ ನನ್ನ ಪಾಲಿಗೆ. ಮನೆಗೆ ಬಂದ ಮೇಲಾದರೂ ನನ್ನವನಾಗಿರುತ್ತಿದ್ದನೇ? ತಮ್ಮಲ್ಲಿ ಶನಿವಾರವೆಂದರೆ ಸ್ಟೇಕ್, ದನದ ಮಾಂಸದ ದಪ್ಪ ಸುಟ್ಟ ತುಂಡು; ನನ್ನಲ್ಲಿ ಶನಿವಾರ ಊಟಕ್ಕೆ ಕೂತು ತಟ್ಟೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಇವತ್ತು ಸ್ಟೇಕ್ ಅಲ್ವೇನೆ?” ಅನ್ನುತ್ತಿದ್ದ. “ಸ್ಟೇಕ್ ಅವಳ ಮನೇಲಿ. ಇಲ್ಲಿ ಹ್ಯಾಡಕ್ ಮೀನಿನ ಸಾರು. ಬೇಕಾದ್ರೆ ಉಣ್ಣು, ಬೇಡಾದ್ರೆ ಹೆಲಿಕಾಪ್ಟರ್ ಕರಿ,” ಅನ್ನುತ್ತಿದ್ದೆ. ಉಣ್ಣುತ್ತಿದ್ದ. ಎರಡನೇ ಸಲವೂ ಹಾಕಿಸಿಕೊಳ್ಳುತ್ತಿದ್ದ. ಆದರೂ, ಮಹಾರಾಣಿ, ಹೆಂಗಸಿನ ಕಿವಿಗೆ ನಿಟ್ಟುಸಿರು ಕೇಳಿಸದೇ ಇರುತ್ತದೆಯೇ?

ಹೆಕ್ಟರ್ ನಿವೃತ್ತನಾದ ವರ್ಷವೇ ಎಣ್ಣೆಯ ಬೆಲೆ ಬಿದ್ದು, ತಮಗೂ ಕೆಲಸವಿಲ್ಲದಂತಾಯಿತು. ಭೂಮಂಡಲದಲ್ಲಿ ಇಷ್ಟೊಂದು ಕೊಲ್ಲಿಗಳಿರುವಾಗ ತಾವು ಎಳೆದು ತರುವ ಟಗ್ ದೋಣಿಗಳ ದಿಬ್ಬಣ ಕಟ್ಟಿಕೊಂಡು ಬಂದು ಲಂಗರು ಹಾಕಿದ್ದು ಎಲ್ಲಿ? ನನ್ನ ಅಡುಗೆಮನೆಯ ಕಿಟಕಿಯ ಎದುರಿಗೆ! ಪಾತ್ರೆ ತೊಳೆಯುತ್ತ ತಲೆಯೆತ್ತಿದೆ, ನನ್ನ ಆಕಾಶದ ಮುಕ್ಕಾಲು ಪಾಲು ತಾವೇ ತುಂಬಿಕೊಂಡಿದ್ದಿರಿ. ಹೆಕ್ಟರ್ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಓಡಿ ಬಂದ. “ನೋಡೇ ಎಫೀ, ನನ್ನ ಬಿಟ್ಟಿರೋಕೆ ಆಗ್ದೆ ಬಾಗಿಲಿಗೇ ಬಂದ್ಲು!” ಎಂದು ನೊರೆಯ ಸಮೇತ ಕೂಗಿದ. ಊರಿನ ನಾಟಕಗಳಲ್ಲಿ ನನ್ನ ರಂಗಪ್ರವೇಶಕ್ಕೆ ಆ ಮನುಷ್ಯ ಒಂದು ದಿನವಾದರೂ ಹಾಗೆ ಓಡಿ ಬಂದವನಲ್ಲ.

ತಮ್ಮಿಂದ ಊರಿಗೆ ಆದ ಉಪಕಾರಗಳನ್ನು ಮರೆತರೆ ನಾಲಿಗೆಗೆ ಹುಳ ಬಿದ್ದೀತು. ಸಭಾಭವನದ ಹೊಸ ಛಾವಣಿ ತಮ್ಮ ಕಂಪನಿಯ ಕೊಡುಗೆ. ಅದು ಸೋರುವುದು ದಾನಿಗಳ ಹೆಸರಿನ ಫಲಕದ ಮೇಲೆ ಮಾತ್ರ. ತಮ್ಮ ಬಳಗದವರು ಸಮುದ್ರದ ಹೊಟ್ಟೆಯಿಂದ ತೆಗೆದ ಅನಿಲ ನಮ್ಮ ದೇಶದ ಉದ್ದಕ್ಕೂ ಕೊಳವೆಯಲ್ಲಿ ಹರಿದು ದೊಡ್ಡ ಊರುಗಳ ಒಲೆಗಳನ್ನೆಲ್ಲ ಉರಿಸುತ್ತದೆ, ನಮ್ಮೂರಿಗೆ ಮಾತ್ರ ಅದರ ಕೊಳವೆ ಬರಲೇ ಇಲ್ಲ; ಹೀಗಾಗಿ ನಾವು ಕಟ್ಟಿಗೆ ಒಡೆದು ತೋಳು ಗಟ್ಟಿ ಮಾಡಿಕೊಂಡೆವು. ಇನ್ನು ತಮ್ಮ ಜನರೇಟರಿನ ಗುಂಯ್‌ಗುಡುವಿಕೆ! ಒಂದೇ ಸ್ವರ, ಬೇಸಗೆಗೂ ಚಳಿಗೂ ಬದಲಾಗದ ಶ್ರುತಿಪೆಟ್ಟಿಗೆ. ಚರ್ಚಿನ ಹಾಡುಗಾರರು ಮೊದಲ ವರ್ಷ ಅದನ್ನು ಶಪಿಸಿದರು, ಎರಡನೆಯ ವರ್ಷ ಅದಕ್ಕೇ ಶ್ರುತಿ ಸೇರಿಸಿದರು. ತಾವು ಹೋದಂದಿನಿಂದ ಅವರ ಕೀರ್ತನೆಗಳು ಮೆಟ್ಟಿಲು ತಪ್ಪಿದ ಹಸುವಿನಂತೆ ಇಳಿಯುತ್ತ ಇಳಿಯುತ್ತ ಎಲ್ಲೋ ಹೋಗಿ ನಿಲ್ಲುತ್ತಿವೆ.

ಆದರೆ ನಾವು ಕೃತಘ್ನರು, ಮಹಾರಾಣಿ. ತಮ್ಮನ್ನು ಓಡಿಸಿ ಎಂದು ಅರ್ಜಿ ಬರೆದು ಊರಿಗೆ ಊರೇ ಸಹಿ ಹಾಕಿದೆವು (ಹೆಕ್ಟರನೂ ಹಾಕಿದ, ಹಾಕಿ ಮನೆಗೆ ಬಂದು ಕಿಟಕಿಯಿಂದ ತಮ್ಮತ್ತ ಕೈ ಬೀಸಿದ). ಪ್ರವಾಸಿಗಳಿಗೆಂದು ಮಾಡಿಸುವ ಕ್ಯಾಲೆಂಡರಿನಲ್ಲಿ ತಮ್ಮನ್ನು ಕತ್ತರಿಸಿದೆವು. ಮದುವೆಯ ಫೋಟೋಗಳಲ್ಲಿ ವಧೂವರರನ್ನು ಒಂದು ಹೆಜ್ಜೆ ಎಡಕ್ಕೆ ಸರಿಸಿ ತಮ್ಮನ್ನು ಮರೆಮಾಡಿದೆವು. ಮನೆ ಮಾರುವವರು ಹೂಕುಂಡಗಳನ್ನು ಕಿಟಕಿಯ ಬಲಮೂಲೆಗೆ ಜೋಡಿಸಿಟ್ಟು, ‘ತೆರೆದ ಕಡಲ ನೋಟ’ ಎಂದು ಜಾಹೀರಾತು ಕೊಟ್ಟರು. ನಮ್ಮೂರಿನ ಚಿತ್ರಗಳಲ್ಲಿ ತಾವು ಹುಟ್ಟಿಯೇ ಇಲ್ಲ. ಈ ಜಾಣತನಕ್ಕೆ ನಾವು ತೆತ್ತ ದಂಡವೇ ಈ ಪತ್ರದ ವಿಷಯ.

ವಿಷಯ ಇಷ್ಟು. ಹೆಕ್ಟರ್ ಮೀನುಗಾರನ ಮಗ. ತಮ್ಮ ಸೇವೆಯಿಂದ ಬಿಡುಗಡೆಯಾದ ಮೇಲೆ ಅಪ್ಪನ ಹಳೆಯ ದೋಣಿಗೆ ಬಣ್ಣ ಬಳಿದು ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯುವ ಬೋನುಗಳನ್ನು ನೀರಿಗೆ ಇಳಿಬಿಡತೊಡಗಿದ. ನಮ್ಮ ಕಡೆಯ ದೋಣಿಯವರು ನೀರಿನ ಮೇಲೆ ಜಾಗ ಗುರುತಿಟ್ಟುಕೊಳ್ಳುವುದು ಹೇಗೆಂದು ತಾವು ದೊಡ್ಡವರು ಗಮನಿಸಿರಲಿಕ್ಕಿಲ್ಲ: ದಡದ ಮೇಲಿನ ಎರಡು ವಸ್ತುಗಳು ಒಂದರ ಹಿಂದೊಂದು ಕೂಡುವ ಹಾಗೆ ದೋಣಿ ತಂದರೆ ಅದೊಂದು ಗೆರೆ, ಬೇರೆ ದಿಕ್ಕಿನಲ್ಲಿ ಮತ್ತೆರಡನ್ನು ಕೂಡಿಸಿದರೆ ಇನ್ನೊಂದು ಗೆರೆ, ಎರಡು ಗೆರೆಗಳು ಕತ್ತರಿಸುವಲ್ಲಿ ಜಾಗ. ಇದನ್ನು ಬರೆದಿಡುವಂತಿಲ್ಲ, ಯಂತ್ರಕ್ಕೆ ಉಣಿಸುವಂತಿಲ್ಲ. ಅಪ್ಪ ಮಕ್ಕಳಿಗೆ, ಅಣ್ಣ ತಂಗಿಗೆ ಕಿವಿಯಲ್ಲಿ ಹೇಳಬೇಕು. ಹೊರಗಿನಿಂದ ಬಂದ ಸೊಸೆಗೆ ಹೇಳುವುದು ನಿಷಿದ್ಧ. ನಾನು ಒಳನಾಡಿನ ಕುರಿಸಾಕಣೆಯವರ ಮಗಳು.

ಆದರೂ ಹೆಕ್ಟರ್ ತನ್ನ ಕೊನೆಯ ದಿನಗಳಲ್ಲಿ ನನ್ನನ್ನು ಹತ್ತಿರ ಕರೆದು, ನಿಷೇಧವನ್ನು ಮುರಿದು, ಹೇಳಿದ: “ನನ್ನ ಬೂದೀನ ಒಳ್ಳೇ ಜಾಗಕ್ಕೆ ಬಿಡೇ. ಚರ್ಚಿನ ಶಿಖರ ನಮ್ಮ ಮನೆ ಚಿಮಣಿ ಮೇಲೆ ಕೂರಬೇಕು. ಆಚೆ ಕಡೆ ಗುಡ್ಡದ ಸೀಳು ಇದೆಯಲ್ಲ, ಎಂಪ್ರೆಸ್ ಗೋಪುರ ಅದರೊಳಗೆ ನಿಲ್ಲಬೇಕು. ಎರಡೂ ಕೂಡಿದಲ್ಲಿ. ಎಷ್ಟೋ ಸಲ ಅಲ್ಲಿ ಎಂಜಿನ್ ಆರಿಸಿ ಸುಮ್ನೆ ಕೂತಿದ್ದೀನಿ. ಅಲ್ಲಿಂದ ನನ್ನ ಎರಡೂ ಮನೆ ಕಾಣುತ್ತೆ.” ನಾನು, “ಸಾಯೋವಾಗ್ಲೂ ಅವಳ ಹೆಸರೇ?” ಅಂದೆ. ನಕ್ಕ. ನಗು ಕೆಮ್ಮಾಯಿತು. “ನೀನು ಪಾತ್ರೆ ತೊಳಿಯೋದೂ ಕಾಣುತ್ತೆ ಕಣೇ. ಕಿಟಕೀಲಿ ನಿನ್ನ ಕೆಂಪು ಕೈಗವಸು ಮಾತ್ರ ಕಾಣುತ್ತೆ, ಆದ್ರೂ ನೀನೇ ಅಂತ ಗೊತ್ತಾಗುತ್ತೆ,” ಅಂದ. ನಾನು ಮಾತು ಕೊಟ್ಟೆ. ಮಹಾರಾಣಿ, ನಾನು ಊರಿನ ನಾಟಕಗಳಲ್ಲಿ ಎಷ್ಟೋ ಸಲ ಸಾಯುತ್ತಿರುವ ಗಂಡಂದಿರಿಗೆ ಮಾತು ಕೊಟ್ಟವಳು, ಮೂರನೇ ಸಾಲಿನವರೂ ಅಳುವ ಹಾಗೆ ಕೊಟ್ಟವಳು. ಇದು ಹಾಗೆ ಕೊಟ್ಟದ್ದಲ್ಲ.

ಹೆಕ್ಟರ್ ಹೋದ, ಚಿತಾಗಾರದಿಂದ ಅವನ ಬೂದಿ ಬಂತು. ಹೆಕ್ಟರನಿಗೆ ಇಷ್ಟವಾದ ಬಿಸ್ಕತ್ತಿನ ಡಬ್ಬಿಗೆ ಅದನ್ನು ತುಂಬಿ ಕಿಟಕಿಯ ಮೇಲಿಟ್ಟು, ಶಾಂತವಾದ ದಿನಕ್ಕಾಗಿ ಕಾದೆ. ಅಷ್ಟರಲ್ಲಿ ಕಡಲ ಮಂಜು ಕವಿಯಿತು. ನಮ್ಮ ಬೇಲಿಯೇ ನಮಗೆ ಕಾಣದಷ್ಟು ದಟ್ಟ ಮಂಜು. ಅದು ಎದ್ದ ಬೆಳಿಗ್ಗೆ, ರಂಗದ ಪರದೆ ಎದ್ದಂತೆ ನಿಧಾನವಾಗಿ, ಮೊದಲು ನೀರು, ಆಮೇಲೆ ಎದುರು ದಂಡೆ, ಆಮೇಲೆ ಗುಡ್ಡ, ಗುಡ್ಡದ ಸೀಳು. ಸೀಳಿನಲ್ಲಿ ಆಕಾಶ. ಬರೀ ಆಕಾಶ! ನಾಯಕಿಯಿಲ್ಲದ ರಂಗಮಂಚ! ಊರಿಗೆ ಊರೇ ದಂಡೆಗೆ ಓಡಿ ಬಂದು, ಇಷ್ಟು ವರ್ಷ ಕೇಳುತ್ತಿದ್ದ ವರವನ್ನು ಬೆರಳು ಮಾಡಿ ಒಬ್ಬರಿಗೊಬ್ಬರು ತೋರಿಸತೊಡಗಿತು.

ನನ್ನ ಅತ್ತಿಗೆ ಡೊಲೀನಾ, ಹೆಕ್ಟರನ ಅಕ್ಕ, ಊರುಗೋಲನ್ನು ಕತ್ತಿಯಂತೆ ಹಿಡಿದು ನನ್ನ ಅಡುಗೆಮನೆಗೆ ನುಗ್ಗಿದಳು. “ದರಿದ್ರದವಳು ತೊಲಗಿದ್ಲು, ಒಳ್ಳೇದಾಯ್ತು. ನೀನ್ಯಾಕೆ ಹೆಣ ನೋಡಿದವಳ ಹಾಗೆ ನಿಂತಿದ್ದೀಯ?” ಎಂದಳು. ನಾನು ಹೆಕ್ಟರನ ಗುರುತನ್ನು ಹೇಳಿದೆ. ಡೊಲೀನಾ ಕುರ್ಚಿಯಲ್ಲಿ ಕುಸಿದಳು.

“ತೇಲೋ ವಸ್ತೂನ ಗುರುತಿಟ್ನಾ? ಹೊಸಾಕರ ಮಗ? ಲೇ, ನಮ್ಮಪ್ಪ ಎದೆಹಾಲಿನ ಜೊತೆ ಕುಡಿಸಿದ್ದೇ ಅದೊಂದು ಮಾತು: ಕಲ್ಲು ನಂಬು, ಗುಡ್ಡ ನಂಬು, ಬೇಕಿದ್ರೆ ಚರ್ಚನ್ನೂ ನಂಬು, ತೇಲೋದನ್ನ ನಂಬಬೇಡ! ನನ್ನ ಕಿವೀಲಿ ಹೇಳಿದ್ದಿದ್ರೆ ಆಗಲೇ ಕೆನ್ನೆಗೆ ಎರಡು ಬಿಟ್ಟು ಬೇರೆ ಗುರುತು ಕೇಳ್ತಿದ್ದೆ. ಕುರಿ ಕಾಯೋಳ ಕಿವೀಲಿ ಹೇಳಿದ, ಅನುಭವಿಸಲಿ.”

ಮಾನ್ಯರೇ, ನನ್ನ ಗಂಡನ ಪರವಾಗಿ ನಾನು ಇಲ್ಲಿ ವಾದಿಸಲೇಬೇಕು. ಅವನ ಅಪ್ಪನಿಗೆ ತಾವು ತೇಲುವವರಾಗಿರಬಹುದು. ಹೆಕ್ಟರನಿಗೆ ಅಲ್ಲ. ಅವನು ಯೌವನದಿಂದ ತಮ್ಮ ಮೇಲೆ ಮಲಗಿ ಎದ್ದವನು. ಸುತ್ತ ಸಮುದ್ರವೆಲ್ಲ ಹುಚ್ಚೆದ್ದು ಕುಣಿಯುವಾಗ ಅಲುಗದಿದ್ದ ಒಂದೇ ನೆಲ ತಾವು. ನಮಗೂ ಅಷ್ಟೇ. ಬೈಯುತ್ತ ಬೈಯುತ್ತಲೇ ನಾವೆಲ್ಲ ತಮ್ಮನ್ನು ಗುಡ್ಡಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದೆವು. ಗುಡ್ಡ ಎದ್ದು ಹೋಗುತ್ತದೆಂದು ಯಾರು ಎಣಿಸುತ್ತಾರೆ?

ತಾವು ನಿಂತಿದ್ದ ಜಾಗ ಕಂಡುಹಿಡಿದರೆ ಸಾಕಲ್ಲ ಎಂದು ನಾನು ಮೊದಲು ಫೋಟೋಗಳನ್ನು ಹುಡುಕಿದೆ. ಮನೆಮನೆಯ ಆಲ್ಬಮ್ ತೆಗೆಸಿದೆ. ಕತ್ತರಿಸಿದ ಅಂಚು, ಸರಿಸಿದ ವಧು, ಹೂಕುಂಡ! ತಮ್ಮದೊಂದು ಲಂಗರಿನ ಸರಪಳಿಯೂ ಸಿಕ್ಕಲಿಲ್ಲ. ಬಂದರಿನವರನ್ನು ಕೇಳಿದೆ. “ಯಾವ ಜಾಗ ಅಮ್ಮಾ? ಪ್ರವಾಸಿ ಹಡಗು ಬಂದಾಗೆಲ್ಲ ಅವಳನ್ನ ಒಂಚೂರು ಆಕಡೆ, ಒಂಚೂರು ಈಕಡೆ ಸರಿಸ್ತಾನೇ ಇದ್ವಿ. ನಿಮ್ಮ ಯಜಮಾನ್ರು ಹೇಳಿದ್ದು ಯಾವಾಗಿನದು?” ಅಂದರು. ತಾವು ಸರಿದಾಡುತ್ತಿದ್ದಿರಂತೆ! ದಿನಾ ಬೈದವರಿಗೂ ಗೊತ್ತಾಗದ ಹಾಗೆ! ಎಂಥ ನಾಜೂಕಿನ ನಡಿಗೆ, ಆ ಮೈಕಟ್ಟಿನಲ್ಲಿ!

ಕೊನೆಗೆ ತಮ್ಮ ಕಂಪನಿಗೆ ಫೋನು ಮಾಡಿದೆ. ಟಾರ್ಕ್ವಿಲ್ ಎಂಬ ಜೇನು ಸವರಿದ ಕಂಠದ ಯುವಕ ಸಿಕ್ಕಿದ. “ಆ ಸ್ವತ್ತು ಈಗ ನಮ್ಮದಲ್ಲ ಮೇಡಂ, ಗುಜರಿಗೆ ಮಾರಿಬಿಟ್ಟಿದ್ದೇವೆ. ಅದು ಇದ್ದ ಸ್ಥಾನದ ವಿವರ ಗೌಪ್ಯ,” ಎಂದ. “ಗೌಪ್ಯ ಎಂಥದಪ್ಪ, ಪಾತ್ರೆ ತೊಳೀತಾ ದಿನಾ ನೋಡಿದ್ದೀನಿ,” ಎಂದೆ. “ನೋಡಿರಬಹುದು ಮೇಡಂ, ಆದ್ರೆ ಅಧಿಕೃತವಾಗಿ ನೋಡಿಲ್ಲ,” ಎಂದು, ನನ್ನ ದುಃಖದಲ್ಲಿ ಇಡೀ ಸಂಸ್ಥೆಯೇ ಭಾಗಿಯೆಂದು ತಿಳಿಸಿ, ಫೋನಿನಲ್ಲಿ ವಾದ್ಯಸಂಗೀತ ಹಾಕಿ ಹೋದ. ಸಂಗೀತ ಚೆನ್ನಾಗಿತ್ತು.

ಆದಕಾರಣ, ಕಂಪನಿಯನ್ನು ಬಿಟ್ಟು ತಮ್ಮಲ್ಲೇ ನೇರವಾಗಿ ಈ ಸಣ್ಣಪುಟ್ಟ ಬೇಡಿಕೆಗಳನ್ನಿಡುತ್ತೇನೆ. ತಾವು ಈಗ ಯಾವ ದೂರದ ದಂಡೆಯಲ್ಲಿ ಗ್ಯಾಸ್ ಕಟರ್‌ನವರ ಮುಂದೆ ಮೈಚೆಲ್ಲಿ ಮಲಗಿದ್ದರೂ, ದಯಮಾಡಿ ಎದ್ದು, ತಮ್ಮ ಕತ್ತರಿಸಿದ ಭಾಗಗಳನ್ನು ಆಯ್ದುಕೊಂಡು, ಒಂದೇ ಒಂದು ಮಧ್ಯಾಹ್ನದ ಮಟ್ಟಿಗೆ ಕೊಲ್ಲಿಗೆ ಬಂದು ನಿಲ್ಲತಕ್ಕದ್ದು. ಇಡೀ ಮೈ ತರಲಾಗದಿದ್ದರೆ ಗೋಪುರವೊಂದನ್ನಾದರೂ ಕಳುಹಿಸತಕ್ಕದ್ದು. ಅದೂ ಸಾಧ್ಯವಿಲ್ಲವಾದರೆ ಅದರ ನೆರಳನ್ನು. ಬರುವ ಮುನ್ನ ಹೇಳಿದರೆ ಸಭಾಭವನದಲ್ಲಿ ಚಹಾ ಮತ್ತು ಸ್ಕೋನ್ ತಿಂಡಿಯ ವ್ಯವಸ್ಥೆ ಮಾಡಿ, ಸಹಿ ಹಾಕಿದವರೆಲ್ಲ ಸಾಲಾಗಿ ನಿಂತು ಕ್ಷಮೆ ಕೇಳುತ್ತೇವೆ. ಶನಿವಾರ ಬಂದರೆ ನನ್ನ ಕೈಯಾರೆ ಸ್ಟೇಕ್ ಕೂಡ ಮಾಡುತ್ತೇನೆ.

ಇಷ್ಟು ಬರೆದು ಕಾಗದವನ್ನು ಮೇಜಿನ ಮೇಲಿಟ್ಟಿದ್ದೆ. ಡೊಲೀನಾ ಬಂದು ಓದಿದಳು. ಕನ್ನಡಕ ಮಡಿಸಿದಳು. “ಕಾಗದ ಸೊಗಸಾಗಿದೆ. ಈಗ ಒಲೆಗೆ ಹಸಿ ಕಟ್ಟಿಗೆ ಹಾಕು, ಕೋಟು ಹಾಕ್ಕೋ, ಡಬ್ಬಿ ತಗೋ,” ಎಂದಳು.

“ಎಲ್ಲಿಗೆ ಅತ್ತಿಗೆ? ಜಾಗವೇ ಗೊತ್ತಿಲ್ಲ.”

“ಜಾಗ ಗೊತ್ತಿಲ್ಲ, ಗೆರೆ ಗೊತ್ತಿದೆಯಲ್ಲ ಮಾರಾಯ್ತಿ! ಶಿಖರ, ಚಿಮಣಿ. ಅವೆರಡೂ ಎಲ್ಲಿಗೂ ಹೋಗಿಲ್ಲ. ಇಳಿಯೋ ಸ್ಟಾಪು ಗೊತ್ತಿಲ್ಲ ಅಂದ್ರೆ ಬಸ್ಸು ಹತ್ತಬಾರ್ದೇನು? ಈ ಕಡೆಯಿಂದ ಆ ಕಡೆವರೆಗೂ ಕರ್ಕೊಂಡು ಹೋಗು. ಅವನ ಜಾಗ ನಡುವೆ ಎಲ್ಲೋ ಬಂದೇ ಬರುತ್ತೆ.”

ಪಕ್ಕದ ಮನೆಯ ಗಿಲ್ಬರ್ಟ್ ತನ್ನ ಬೋನಿನ ದೋಣಿ ಬಿಚ್ಚಿದ. ಪ್ರಾರ್ಥನೆಗೆಂದು ಬಂದ ಪಾದ್ರಿಗಳು ಪಾಪ ದೋಣಿ ಹತ್ತಲು ಕಾಲೆತ್ತಿದರು, ಡೊಲೀನಾ ಊರುಗೋಲು ಅಡ್ಡ ಹಿಡಿದಳು; ಅವರ ಕುಲ ದೋಣಿ ಹತ್ತಿದರೆ ದೋಣಿಗೆ ಕೇಡೆಂಬುದು ನಮ್ಮ ದಂಡೆಯ ಶಾಸ್ತ್ರ, ನೀರಿನ ಮೇಲೆ ಆ ಹೆಸರನ್ನು ಎತ್ತುವಂತೆಯೂ ಇಲ್ಲ, ಎತ್ತಿದರೆ ಕೂಡಲೇ ತಣ್ಣನೆಯ ಕಬ್ಬಿಣ ಮುಟ್ಟಿ ದೋಷ ಕಳೆದುಕೊಳ್ಳಬೇಕು. ಅವರು ದಕ್ಕೆಯ ತುದಿಯಲ್ಲೇ ನಿಂತು ದೋಣಿಪಂದ್ಯದ ಧ್ವನಿವರ್ಧಕ ಹಿಡಿದು ಪ್ರಾರ್ಥಿಸಿದರು. ಗಾಳಿ ಅಡ್ಡ ಬೀಸುತ್ತಿದ್ದುದರಿಂದ ಪುಣ್ಯವೆಲ್ಲ ಎದುರು ದಂಡೆಯವರಿಗೆ ಹೋಯಿತು. ಅವರಿಗೂ ಬೇಕಾಗಿತ್ತು. “ಪಾದ್ರಿಗಳು ಚೆನ್ನಾಗಿ ಹೇಳ್ತಿದ್ದಾರೆ,” ಎಂದು ಗಿಲ್ಬರ್ಟ್ ಬಾಯಿತಪ್ಪಿ ಅಂದುಬಿಟ್ಟ. “ತಣ್ಣನೆ ಕಬ್ಬಿಣ! ಮುಟ್ಟೋ ಮುಂಡೇದೇ, ಮುಟ್ಟು!” ಎಂದು ಡೊಲೀನಾ ಚೀರಿ, ಅವನ ಕೈಯನ್ನು ಎಂಜಿನ್ನಿಗೆ ಅಪ್ಪಳಿಸಿದಳು. ಅದು ತಣ್ಣಗಿರಲಿಲ್ಲ. ಗಿಲ್ಬರ್ಟ್ ಆಮೇಲೆ ಅಂದ ಮಾತುಗಳನ್ನು ಧ್ವನಿವರ್ಧಕವಿಲ್ಲದೆಯೇ ದಕ್ಕೆಯವರು ಕೇಳಿದರು.

ನೀರಿನ ಮೇಲೆ ಹೋಗಿ ಹಿಂದಿರುಗಿ ನೋಡಿದೆ. ಹಸಿ ಕಟ್ಟಿಗೆಯ ಹೊಗೆ ನಮ್ಮ ಚಿಮಣಿಯಿಂದ ಎದ್ದಿತ್ತು. ದೋಣಿ ಸರಿಯಿತು, ಶಿಖರ ಮನೆಮನೆಯ ಛಾವಣಿಗಳನ್ನು ದಾಟುತ್ತ ಬಂತು, ಬಂದು ಆ ಹೊಗೆಯ ಮೇಲೆ ಕೂತಿತು. “ಹಿಡಿದೆ,” ಎಂದ ಗಿಲ್ಬರ್ಟ್. ನಾನು ಡಬ್ಬಿ ತೆರೆದು, ದೋಣಿಯ ಹಿಂಬದಿಯಿಂದ, ಸಾರಿಗೆ ಉಪ್ಪು ಉದುರಿಸುವಂತೆ ಸ್ವಲ್ಪ ಸ್ವಲ್ಪವೇ ಬಿಡುತ್ತ ಹೋದೆ. ದಕ್ಕೆ ದಾಟಿದೆವು, ಬೋನುಗಳ ತೇಲುಬುರುಡೆಗಳನ್ನು ದಾಟಿದೆವು, ತಾವು ಇದ್ದಿರಬಹುದಾದ, ಇಲ್ಲದೆಯೂ ಇದ್ದಿರಬಹುದಾದ ಜಾಗಗಳನ್ನೆಲ್ಲ ಪಕ್ಕಕ್ಕೆ ಬಿಟ್ಟೆವು. ಎದುರು ದಂಡೆಯ ಕಲ್ಲುಗಳು ಹತ್ತಿರ ಬಂದವು. ಡಬ್ಬಿ ಖಾಲಿಯಾಯಿತು.

ನನ್ನ ಅತ್ತಿಗೆ ಎಂದೂ ಅತ್ತವಳಲ್ಲ, ಆಗಲೂ ಅಳಲಿಲ್ಲ. ಮೂಗೊರೆಸಿಕೊಂಡು ಹೇಳಿದಳು: “ನಡುವೆ ಎಲ್ಲೋ ಒಂದು ಕಡೆ ‘ಇಲ್ಲೇ, ಇಲ್ಲೇ ನಿಲ್ಸ್ರೋ’ ಅಂತ ಕೂಗಿರ್ತಾನೆ ನನ್ನ ತಮ್ಮ. ನಮಗೆ ಕೇಳಿಸಲಿಲ್ಲ, ಅಷ್ಟೆ.”

ಮಾನ್ಯರೇ, ಆದ್ದರಿಂದ ಮೇಲಿನ ಬೇಡಿಕೆಗಳನ್ನೆಲ್ಲ ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ತಾವು ಏಳುವುದು ಬೇಡ. ಕತ್ತರಿಸಿಕೊಳ್ಳುತ್ತ ಸುಖವಾಗಿ ಮಲಗಿರಿ. ನಮ್ಮಿಬ್ಬರ ನಡುವೆ ಅರ್ಧರ್ಧವಾಗಿ ಹಂಚಿಹೋಗಿದ್ದ ಆ ಮನುಷ್ಯನನ್ನು ಹುಡುಕಲು ಇದ್ದದ್ದು ಎರಡು ಗೆರೆಗಳು. ತಮ್ಮ ಗೆರೆಯನ್ನು ತಾವೇ ಮಡಿಸಿಕೊಂಡು ಹೋದಿರಿ. ಉಳಿದದ್ದು ನನ್ನ ಒಲೆಯಿಂದ ಹೊರಡುತ್ತದೆ, ಮತ್ತು ನನ್ನ ಗಂಡ ಈಗ ಅದರ ಉದ್ದಕ್ಕೂ ಇದ್ದಾನೆ, ಇಡಿಯಾಗಿ, ಹದಿನೈದು ದಿನಕ್ಕೊಮ್ಮೆ ಎಲ್ಲಿಗೂ ಹೊರಡದೆ.

ಮುಂದೆಂದೂ ತಮ್ಮ ನಿರೀಕ್ಷೆಯಲ್ಲಿಲ್ಲದ,
ತಮ್ಮ ವಿಶ್ವಾಸಿ,
ಯುಫೀಮಿಯಾ ಹೊಸಾಕ್
(ಏಕೈಕ ಪತ್ನಿ)

ಮರೆತ ಮಾತು: ತಮ್ಮ ಜಾಗ ಖಾಲಿ ಬಿದ್ದಿದೆಯೆಂದು ಮರುಗಬೇಡಿ. ಮೊನ್ನೆ ದೊಡ್ಡ ತೆಪ್ಪದ ಮೇಲೆ ಗಾಳಿಯಂತ್ರಗಳ ಹಳದಿ ಕಾಲುಗಳು ಬಂದಿಳಿದಿವೆ, ತಮಗಿಂತ ಎತ್ತರ, ತಮಗಿಂತ ಚೆಲುವೆಯರು. ಸಭಾಭವನದಲ್ಲಿ ನೀರು ಸೋರಿ ಹಾಳಾದ ಆ ಫಲಕವನ್ನು ಬದಲಿಸಿಕೊಡುವುದಾಗಿ ಅವರ ಕಂಪನಿ ಆಗಲೇ ಮಾತು ಕೊಟ್ಟಿದೆ. ಡೊಲೀನಾ ದಂಡೆಗೆ ಹೋಗಿ, ಊರುಗೋಲೆತ್ತಿ, “ಬನ್ನಿ ತಾಯಂದಿರಾ. ನೀವೂ ಶಾಶ್ವತ ಅಂತ ಹೇಳ್ಕೊಂಡೇ ಬಂದಿರೋದಾ?” ಎಂದು ಸ್ವಾಗತಿಸಿದಳು. ಈ ಸಲ ಊರಿನವರೆಲ್ಲ ಜಾಣರಾಗಿದ್ದೇವೆ. ಇವರನ್ನೂ ಓಡಿಸಿ ಎಂಬ ಅರ್ಜಿಗೆ ಸಹಿ ಹಾಕುವ ಮುನ್ನ ಒಬ್ಬೊಬ್ಬರೂ ಒಂದೊಂದು ಫೋಟೋ ತೆಗೆದಿಟ್ಟುಕೊಂಡಿದ್ದೇವೆ.